ದ್ರಾಕ್ಷಿ ಬೆಳೆದವನ ಬಾಗಿಲಿಗೂ ಒಂದು ಪೊರಕೆ ಕಟ್ಟಲು ಬಿಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಒಂದೇ ಪುಟದಲ್ಲಿ ಎರಡು ಸುದ್ದಿ ಇದ್ದವು. ಮೇಲ್ಗಡೆ ವೈನ್ ಮೇಳದ ದೊಡ್ಡ ಫೋಟೊ, ಗ್ಲಾಸು ಎತ್ತಿ ಹಿಡಿದು ನಗುತ್ತಿರುವ ಜನ. ಕೆಳಗಡೆ ಮೂಲೆಯಲ್ಲಿ ನಾಲ್ಕು ಸಾಲು: ದ್ರಾಕ್ಷಿ ದರ ಕುಸಿತ, ಬೆಳೆಗಾರ ಕಂಗಾಲು. ಎರಡೂ ಒಂದೇ ಹಣ್ಣಿನ ಸುದ್ದಿ ಅಂತ ಓದಿದವರಿಗೆ ಅನ್ನಿಸಿತೋ ಇಲ್ಲವೋ. ನನಗಂತೂ ಅನ್ನಿಸಿತು, ಅದಕ್ಕೇ ಈ ಪತ್ರ. ದ್ರಾಕ್ಷಿ ಬೆಳೆದವನೇ ವೈನು ಮಾಡಿ ತನ್ನ ಬಾಗಿಲಲ್ಲೇ ಮಾರೋಕೆ ಒಂದು ದಾರಿ ಇರಲಿ ಅನ್ನೋದು ನನ್ನ ಮಾತು, ಪೊರಕೆ ಯಾಕೆ ಅಂತ ಮುಂದೆ ಹೇಳುತ್ತೇನೆ. ಉದ್ದವಾಗುತ್ತೆ, ಗೊತ್ತು. ಆದರೆ ನಾನು ದ್ರಾಕ್ಷಿ ತೋಟದ ಮನೆಯವನು, ಕತ್ತರಿ ಹಾಕಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕು. ಮುಕ್ಕಾಲು ಎಕರೆ ಬೆಂಗಳೂರು ಬ್ಲೂ ತಳಿಯ ದ್ರಾಕ್ಷಿ, ಕಲ್ಲು ಕಂಬದ ಚಪ್ಪರ. ಚಿಕ್ಕವನಿದ್ದಾಗ ಆ ಚಪ್ಪರದ ಕೆಳಗೆ ಬಗ್ಗಿ ಬಗ್ಗಿ ಓಡಾಡಿ ಬೆಳೆದವನು ನಾನು. ಹನ್ನೊಂದು ವರ್ಷದಿಂದ ಜರ್ಮನಿಯಲ್ಲಿದ್ದೇನೆ, ಸ್ಟುಟ್‌ಗಾರ್ಟ್ ಊರಿನ ಪಕ್ಕ, ನೆಕರ್ ನದಿಯ ದಂಡೆಯ ಒಂದು ಹಳ್ಳಿಯಲ್ಲಿ. ಕೆಲಸ ಕಾರಿನ ಸಾಫ್ಟ್‌ವೇರಿನದ್ದು. ಬಾಡಿಗೆಗೆ ಸಿಕ್ಕ ಮನೆ ಮಾತ್ರ ಒಂದು ದ್ರಾಕ್ಷಿ ಕುಟುಂಬದ್ದು. ಕೆಳಗೆ ಅವರು, ಮೇಲೆ ನಾವು, ನೆಲಮಾಳಿಗೆಯಲ್ಲಿ ವೈನು. ಅವರಿಗಿರುವುದು ಸುಮಾರು ಒಂದೂವರೆ ಎಕರೆ. ಗಂಡ, ಹೆಂಡತಿ, ಎಂಬತ್ತು ದಾಟಿದ ಅಜ್ಜ. ನಾನು ದ್ರಾಕ್ಷಿ ಮನೆಯವನು ಅಂತ ಗೊತ್ತಾದ ದಿನವೇ ಅಜ್ಜ ನನ್ನ ಕೈಗೆ ಒಂದು ಕತ್ತರಿ ಕೊಟ್ಟುಬಿಟ್ಟರು. ಅವತ್ತಿನಿಂದ ಶನಿವಾರ ಅಂದರೆ ತೋಟ.

ತೋಟ ಅಂದರೆ ನಮ್ಮ ಹಾಗೆ ಸಮತಟ್ಟು ಅಂದುಕೊಳ್ಳಬೇಡಿ. ನದಿಯಿಂದ ನೇರ ಮೇಲೇಳುವ ಗುಡ್ಡ, ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಗೋಡೆ, ಒಂದೊಂದು ಮೆಟ್ಟಿಲಿಗೆ ಎರಡು ಮೂರು ಸಾಲು ಬಳ್ಳಿ. ಟ್ರ್ಯಾಕ್ಟರ್ ಹತ್ತುವುದಿಲ್ಲ. ಗೋಡೆಗೆ ಸಿಮೆಂಟು ಹಾಕುವುದಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಹಗಲು ಬಿಸಿಲು ಕುಡಿದ ಕಲ್ಲು ರಾತ್ರಿ ಬಳ್ಳಿಗೆ ಕಾವು ಕೊಡುತ್ತೆ. ಪ್ರತಿ ಚಳಿಗಾಲ ಎಲ್ಲೋ ಒಂದು ಕಡೆ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಕುಸಿಯುತ್ತೆ. ಆಗ ಮೊದಲ ಕೆಲಸ ಅದನ್ನು ಕಟ್ಟೋದು.

ನಮ್ಮೂರಲ್ಲಿ ಬಳ್ಳಿ ಮಲಗೋದೇ ಇಲ್ಲ, ಅಲ್ವಾ. ಚಳಿ ಸಾಲದು. ನಾವು ಕತ್ತರಿ ಹಾಕಿದರೆ ಅದು ಚಿಗುರುತ್ತೆ, ಹಾಗಾಗಿ ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಬೆಳೆ ಕೊಡುತ್ತೆ. ವಿಜಯಪುರದ ಕಡೆಯವರು ಏಪ್ರಿಲ್‌ನಲ್ಲಿ ಒಂದು ಚಾಟನಿ (ಕಡ್ಡಿ ಕತ್ತರಿಸೋದು), ಅಕ್ಟೋಬರ್‌ನಲ್ಲಿ ಒಂದು ಚಾಟನಿ ಮಾಡಿ, ಎರಡನೆಯದಕ್ಕೆ ಮಾತ್ರ ಹಣ್ಣು ತೆಗೀತಾರೆ. ಇಲ್ಲಿ ಎಲ್ಲ ಚಳಿಯ ಕೈಯಲ್ಲಿ. ನವೆಂಬರ್‌ಗೆ ಎಲೆ ಉದುರಿದರೆ ಬಳ್ಳಿ ಸತ್ತ ಹಾಗೆ ನಿಂತಿರುತ್ತೆ. ಜನವರಿ, ಫೆಬ್ರವರಿಯಲ್ಲಿ ಕಟಿಂಗು. ಹೋದ ವರ್ಷ ಬೆಳೆದ ಕಡ್ಡಿಗಳನ್ನೆಲ್ಲ ತೆಗೆದು ಒಂದೋ ಎರಡೋ ಮಾತ್ರ ಬಿಡೋದು. ಮೊದಲ ವರ್ಷ ನಾನು ನಾಲ್ಕು ಬಿಟ್ಟಿದ್ದೆ, ಪಾಪ ಅನ್ನಿಸಿ. ಅಜ್ಜ ಹಿಂದಿನಿಂದ ಬಂದು ಏನೂ ಮಾತಾಡದೆ ಚಟ್ ಚಟ್ ಅಂತ ಎರಡನ್ನು ಕತ್ತರಿಸಿ ಮುಂದೆ ಹೋದರು.

ಮಾರ್ಚ್ ಬಂತು ಅಂದರೆ ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕುತ್ತೆ. ಬೇರಿಗೆ ಎಚ್ಚರ ಆಗಿದೆ ಅಂತ ಅರ್ಥ. ಆಗ ಬಿಟ್ಟ ಕಡ್ಡಿಯನ್ನು ಬಿಲ್ಲಿನ ಹಾಗೆ ಬಗ್ಗಿಸಿ ತಂತಿಗೆ ಕಟ್ಟಬೇಕು. ಒಣ ಬಿಸಿಲಿನ ದಿನ ಬಗ್ಗಿಸಿದರೆ ಲಟಕ್ ಅಂತ ಮುರಿಯುತ್ತೆ, ವರ್ಷದ ಬೆಳೆ ಹೋಯಿತು. ಜಿಟಿ ಜಿಟಿ ಮಳೆ ಇರೋ ದಿನ ಕಡ್ಡಿ ಮೆತ್ತಗಿರುತ್ತೆ. ಹಾಗಾಗಿ ಊರಿನವರೆಲ್ಲ ಒಳಗೆ ಕೂತು ಕಾಫಿ ಕುಡಿಯೋ ದಿನ ನಾವು ರೇನ್‌ಕೋಟು ಹಾಕಿಕೊಂಡು ಗುಡ್ಡ ಹತ್ತುತ್ತೇವೆ. ಬೆರಳು ಮರಗಟ್ಟಿರುತ್ತೆ. ಬಗ್ಗಿಸುವಾಗ ಕಡ್ಡಿಯೊಳಗಿಂದ ಸಣ್ಣಗೆ ಕಿರ್ ಅನ್ನೋ ಸದ್ದು ಬರುತ್ತೆ, ಅಲ್ಲಿಗೆ ನಿಲ್ಲಿಸಬೇಕು. ಅದರಾಚೆ ಒಂದು ಬೆರಳಷ್ಟು ಬಗ್ಗಿಸಿದರೂ ಮುಗೀತು. ಆ ಸದ್ದು ಕಿವಿಗೆ ಕೂರೋಕೆ ನನಗೆ ಮೂರು ವರ್ಷ ಬೇಕಾಯಿತು.

ಆಮೇಲೆ ಭಯದ ತಿಂಗಳು. ಏಪ್ರಿಲ್ ಕೊನೆಯಲ್ಲಿ ಚಿಗುರು ಬಂದಿರುತ್ತೆ, ಒಂದೇ ಒಂದು ರಾತ್ರಿ ಮಂಜು ಹೆಪ್ಪುಗಟ್ಟಿದರೆ ಬೆಳಗ್ಗೆ ಅದೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಗೆ ಜೋತಾಡುತ್ತೆ. 2017ರ ಏಪ್ರಿಲ್‌ನಲ್ಲಿ ಹಾಗಾಯಿತು, 2024ರಲ್ಲಿ ಮತ್ತೆ. ತಣ್ಣನೆ ಗಾಳಿ ನೀರಿನ ಹಾಗೆ ಇಳಿಜಾರಿಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತೆ. ಅದಕ್ಕೇ ಗುಡ್ಡದ ಮೇಲಿನ ಸಾಲು ಉಳಿದವು, ಬುಡದ ಪಟ್ಟಿ ಪೂರ್ತಿ ಹೋಯಿತು. ಇಲ್ಲಿ ಮೇ 11ರಿಂದ 15ರವರೆಗೆ ಐದು ದಿನಕ್ಕೆ ಐದು ಸಂತರ ಹೆಸರಿದೆ, ಮಂಜಿನ ಸಂತರು ಅಂತ ಕರೀತಾರೆ. ಕೊನೆಯವಳು ಸೋಫಿ. ಅವಳು ದಾಟಿದ ಮೇಲೆ ಚಳಿಯ ಭಯ ಇಲ್ಲ ಅನ್ನೋದು ನಂಬಿಕೆ. ನಮ್ಮಲ್ಲಿ ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತಾರಲ್ಲ, ಹಾಗೆ. ಅಜ್ಜನಿಗೆ ಭರಣಿ, ಕೃತ್ತಿಕೆ, ರೋಹಿಣಿ ಎಲ್ಲ ಹೇಳಿಕೊಟ್ಟಿದ್ದೇನೆ. ಮಳೆಗೂ ಹೆಸರಿಡುವ ಜನ ಅಂತ ಅವರಿಗೆ ನಮ್ಮ ಮೇಲೆ ಗೌರವ ಜಾಸ್ತಿಯಾಗಿದೆ.

ಜೂನ್‌ನಲ್ಲಿ ಹೂವು. ಹೂವು ಅಂತ ಹೇಳಬೇಕಷ್ಟೇ, ಕಣ್ಣಿಗೆ ಕಾಣಲ್ಲ. ಅವತ್ತಿನಿಂದ ನೂರು ದಿನ ಎಣಿಸಿದರೆ ಕೊಯ್ಲು. ನಡುವೆ ಬೇಸಿಗೆಯ ಕೆಲಸ ನಿಮಗೂ ಗೊತ್ತಿರೋದೇ: ಎಲೆ ತೆಗೆಯೋದು, ಹಕ್ಕಿಗೆ ಬಲೆ ಕಟ್ಟೋದು, ಔಷಧಿ ಹೊಡೆಯೋದು. ಡೌನಿ, ಬೂದಿ ರೋಗ ಇಲ್ಲೂ ಇವೆ. ಒಂದು ವಿಷಯ ಹೇಳಿಬಿಡುತ್ತೇನೆ, ಮಲೆನಾಡಿನ ಓದುಗರಿಗೆ ಇಷ್ಟವಾಗಬಹುದು. ಅಡಿಕೆಗೆ ಕೊಳೆ ಬರದಂತೆ ಹೊಡೆಯುವ ಬೋರ್ಡೋ ದ್ರಾವಣ ಇದೆಯಲ್ಲ, ಆ ಬೋರ್ಡೋ ಅನ್ನೋದು ಫ್ರಾನ್ಸಿನ ವೈನ್ ಊರು. ಅಲ್ಲಿನ ರಸ್ತೆ ಬದಿಯ ತೋಟದವರು ಹೋಗೋ ಬರೋರು ಹಣ್ಣು ಕೀಳದಿರಲಿ ಅಂತ ಮೈಲುತುತ್ತ, ಸುಣ್ಣ ಕಲಸಿ ಎಲೆಗೆ ಎರಚುತ್ತಿದ್ದರಂತೆ. ಎರಚಿದ ಸಾಲುಗಳಿಗೆ ಡೌನಿ ಬಂದಿಲ್ಲ ಅನ್ನೋದನ್ನ 1880ರ ದಶಕದಲ್ಲಿ ಮಿಲಾರ್ಡೆ ಅನ್ನೋ ಪ್ರೊಫೆಸರು ಗಮನಿಸಿದರು. ಕಳ್ಳರನ್ನು ಓಡಿಸೋಕೆ ಮಾಡಿದ್ದು ಇವತ್ತು ತೀರ್ಥಹಳ್ಳಿಯ ಅಡಿಕೆ ಕಾಯುತ್ತಿದೆ.

ಸೆಪ್ಟೆಂಬರ್ ಕೊನೆಗೆ ಅಜ್ಜ ಜೇಬಿನಲ್ಲಿ ಒಂದು ಸಣ್ಣ ದುರ್ಬೀನಿನಂಥ ಸಾಧನ ಇಟ್ಟುಕೊಂಡು ಓಡಾಡುತ್ತಾರೆ. ಹಣ್ಣು ಹಿಂಡಿ ಒಂದು ಹನಿ ಅದರ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡಿದರೆ ಸಕ್ಕರೆ ಎಷ್ಟು ಕೂತಿದೆ ಅಂತ ಗೊತ್ತಾಗುತ್ತೆ. ಆ ಅಳತೆಗೆ ಎಕ್ಸ್ಲೆ ಅಂತ ಹೆಸರು. ಎಂಬತ್ತು ಎಕ್ಸ್ಲೆ ಅಂದರೆ ಒಂದು ಲೀಟರ್ ರಸ 1080 ಗ್ರಾಂ ತೂಗುತ್ತೆ, ನೀರಿಗಿಂತ ಎಂಬತ್ತು ಗ್ರಾಂ ಜಾಸ್ತಿ. ಇಲ್ಲಿನ ಬೆಳೆಗಾರರ ಸಹಕಾರ ಸಂಘಗಳಲ್ಲಿ ಹಣ್ಣಿಗೆ ದುಡ್ಡು ಕೊಡುವಾಗ ಈ ಅಳತೆಯನ್ನೂ ನೋಡುತ್ತಾರೆ. ನಮ್ಮೂರ ಡೇರಿಯಲ್ಲಿ ಫ್ಯಾಟ್ ನೋಡಿ ಹಾಲಿಗೆ ಕೊಟ್ಟ ಹಾಗೆ. ನಮ್ಮ ತೋಟಕ್ಕೆ ಬರೋ ವ್ಯಾಪಾರಿ ಏನು ನೋಡುತ್ತಾನೆ? ಚಪ್ಪರದ ಕೆಳಗೆ ಒಂದು ಸುತ್ತು ಹಾಕಿ, ಗೊಂಚಲು ಕೈಯಲ್ಲಿ ತೂಗಿ, ಮೋಡ ಇದೆಯಾ ಅಂತ ಆಕಾಶ ನೋಡುತ್ತಾನೆ. ಮೋಡ ಇದ್ದರೆ ರೇಟು ಇಳಿಯಿತು. ಆಲಿಕಲ್ಲು ಬಿದ್ದರೆ ನಾವು ಸತ್ತೆವು ಅಂತ ಅವನಿಗೂ ಗೊತ್ತು.

ಕೊಯ್ಲಿನ ದಿನ ಅಕ್ಕಪಕ್ಕದವರು, ನೆಂಟರು, ನನ್ನ ಹೆಂಡತಿ ಮಕ್ಕಳು ಎಲ್ಲ ಸೇರುತ್ತೇವೆ. ಸಂಜೆಗೆ ಹಣ್ಣು ನುರಿದು ಪೀಪಾಯಿಗೆ. ಕಪ್ಪು ದ್ರಾಕ್ಷಿಯಾದರೂ ಒಳಗಿನ ರಸಕ್ಕೆ ಬಣ್ಣ ಇರುವುದಿಲ್ಲ, ಬಣ್ಣ ಇರೋದು ಸಿಪ್ಪೆಯಲ್ಲಿ. ಅದಕ್ಕೇ ಕೆಂಪು ವೈನಿಗೆ ಸಿಪ್ಪೆ ಸಮೇತ ಹುಳಿಯಲು ಬಿಡಬೇಕು. ಎರಡು ದಿನಕ್ಕೆ ಸಿಪ್ಪೆಯೆಲ್ಲ ಮೇಲೆದ್ದು ದಪ್ಪ ಹೊದಿಕೆ ಕಟ್ಟುತ್ತೆ. ದಿನಕ್ಕೆ ಮೂರು ಸಲ ಅದನ್ನು ಕೋಲಿನಿಂದ ಒತ್ತಿ ಮುಳುಗಿಸಬೇಕು. ಆ ವಾರ ಮನೆಯೆಲ್ಲ ಇಡ್ಲಿ ಹಿಟ್ಟು ಉಬ್ಬಿ ಪಾತ್ರೆಯಿಂದ ಚೆಲ್ಲಿದ ಹಾಗೆ ಹುಳಿ ಹುಳಿ ವಾಸನೆ. ನನ್ನ ಮಗಳು ಮೊದಲ ವರ್ಷ ಅಡುಗೆಮನೆಗೆ ಹೋಗಿ ಹಿಟ್ಟಿನ ಪಾತ್ರೆ ಮುಚ್ಚಳ ತೆಗೆದು ನೋಡಿದ್ದಳು. ನೆಲಮಾಳಿಗೆಗೆ ಇಳಿಯುವಾಗ ಅಜ್ಜ ಈಗಲೂ ಕೈಯಲ್ಲಿ ಮೇಣದ ಬತ್ತಿ ಹಿಡಿಯುತ್ತಾರೆ. ಹುಳಿಯುವಾಗ ಬರೋ ಇಂಗಾಲದ ಡೈಆಕ್ಸೈಡ್ ಗಾಳಿ ಭಾರ, ನೆಲದ ಹತ್ತಿರ ತುಂಬಿರುತ್ತೆ. ಬತ್ತಿ ಆರಿದರೆ ತಿರುಗಿ ಮೆಟ್ಟಿಲು ಹತ್ತಬೇಕು. ಈಗ ಅಳೆಯೋ ಯಂತ್ರ ಗೋಡೆಗೆ ಹಾಕಿದ್ದಾರೆ, ಆದರೂ ಅಜ್ಜನಿಗೆ ಬತ್ತಿಯೇ ನಂಬಿಕೆ.

ಇನ್ನು ಪೊರಕೆಯ ಕಥೆ. ಇದನ್ನು ಹೇಳೋಕೇ ಇಷ್ಟೆಲ್ಲ ಬರೆದದ್ದು.

ವರ್ಷದಲ್ಲಿ ಕೆಲವು ವಾರ ನಮ್ಮ ಮನೆ ಗೇಟಿನ ಮೇಲೆ ಒಂದು ಕಡ್ಡಿ ಪೊರಕೆ ಕಟ್ಟುತ್ತಾರೆ, ಅದಕ್ಕೊಂದು ಬಣ್ಣದ ಟೇಪು. ಪೊರಕೆ ಕಂಡರೆ ಇಲ್ಲಿ ವೈನ್ ಇದೆ ಬನ್ನಿ ಅಂತ ಅರ್ಥ. ಈ ಕಡೆ ಇದಕ್ಕೆ ಬೇಸನ್ ಅಂತಾರೆ. ಕಡಲೆಹಿಟ್ಟಲ್ಲ, ಅವರ ಭಾಷೆಯಲ್ಲಿ ಬೇಸನ್ ಅಂದರೆ ಪೊರಕೆಯೇ. ಟ್ರ್ಯಾಕ್ಟರ್ ಶೆಡ್ಡು ತೊಳೆದು ಬೆಂಚು ಹಾಕುತ್ತಾರೆ. ಬಾರ್ ಲೈಸೆನ್ಸ್ ಬೇಡ, ಊರಿನ ಕಚೇರಿಗೆ ತಿಳಿಸಿದರೆ ಸಾಕು. ಆದರೆ ಕಟ್ಟುಪಾಡು ಬಿಗಿ. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು, ಅದೂ ಎರಡು ಕಂತಿನಲ್ಲಿ. ನಲವತ್ತಕ್ಕಿಂತ ಜಾಸ್ತಿ ಸೀಟು ಇಡುವ ಹಾಗಿಲ್ಲ. ತಾವೇ ಬೆಳೆದು ತಾವೇ ಮಾಡಿದ ವೈನ್ ಮಾತ್ರ. ಊಟ ಸರಳ ಇರಬೇಕು, ಹೋಟೆಲ್ ನಡೆಸುವ ಹಾಗಿಲ್ಲ. ಶರತ್ಕಾಲದಲ್ಲಾದರೆ ಇನ್ನೂ ಅರ್ಧ ಹುಳಿದ, ಮಜ್ಜಿಗೆಯ ಹಾಗೆ ಮಬ್ಬಾದ ಹೊಸ ವೈನು ಸಿಗುತ್ತೆ. ಅದರ ಬಾಟಲಿ ಮುಚ್ಚಳ ಬಿಗಿ ಮಾಡಬಾರದು, ಒಳಗೆ ಇನ್ನೂ ಉಬ್ಬುತ್ತಿರುತ್ತೆ. ಜೊತೆಗೆ ಈರುಳ್ಳಿ ಕೇಕು, ಖಾರದ್ದು, ಒಲೆಯಲ್ಲಿ ಬೇಯಿಸಿದ್ದು. ಅದರಲ್ಲಿ ಹಂದಿ ಮಾಂಸದ ಚೂರು ಹಾಕುತ್ತಾರೆ, ನಮಗೋಸ್ಕರ ಮನೆಯಾಕೆ ಒಂದು ತಟ್ಟೆ ಬೇರೆ ಮಾಡುತ್ತಾರೆ.

ಬರೋರು ಯಾರು? ಪಕ್ಕದ ಬೀದಿಯವರು, ನಿವೃತ್ತ ಮೇಷ್ಟ್ರು, ಬಸ್ ಡ್ರೈವರು, ಮಕ್ಕಳ ಜೊತೆ ಬಂದ ಹೆಂಗಸರು. ಒಂದು ಬೆಂಚಿನಲ್ಲಿ ಗುರುತಿಲ್ಲದವರ ಪಕ್ಕ ಒತ್ತಿಕೊಂಡು ಕೂರಬೇಕು. ಕಾಲು ಲೀಟರಿನ ಗ್ಲಾಸು, ಊಟ, ಮಾತು, ಎದ್ದು ಮನೆಗೆ. ಕುಡಿದು ಗಲಾಟೆ ಮಾಡಿದವರನ್ನು ಹನ್ನೊಂದು ವರ್ಷದಲ್ಲಿ ಒಂದೇ ಸಲ ನೋಡಿದ್ದೇನೆ. ಮನೆಯಾಕೆ ಅವನ ಕೋಟು ತಂದು ಕೈಗೆ ಕೊಟ್ಟರು ಅಷ್ಟೇ.

ಲೆಕ್ಕ ನೋಡಿ. ಒಂದು ಕೆಜಿ ಹಣ್ಣಿನಿಂದ ಹತ್ತಿರ ಹತ್ತಿರ ಮುಕ್ಕಾಲು ಲೀಟರ್ ವೈನ್, ಅಂದರೆ ಮೂರು ಗ್ಲಾಸು. ಅದೇ ಕೆಜಿಯನ್ನು ಹಣ್ಣಾಗಿ ಮಾರಿದರೆ ಒಂದು ಗ್ಲಾಸಿನ ದುಡ್ಡೂ ಹುಟ್ಟುವುದಿಲ್ಲ ಅಂತ ಮನೆಯ ಯಜಮಾನರೇ ಹೇಳುತ್ತಾರೆ. ಒಂದೂವರೆ ಎಕರೆಯ ಕುಟುಂಬ ಇನ್ನೂ ತೋಟ ಬಿಟ್ಟಿಲ್ಲ ಅಂದರೆ ಆ ಪೊರಕೆಯಿಂದ. ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಜನ ವೈನ್ ಕುಡಿಯೋದು ಕಡಿಮೆಯಾಗಿದೆ, ಗುಡ್ಡದ ಮೇಲೆ ಪಾಳು ಬಿದ್ದ ಮೆಟ್ಟಿಲುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ, ಅಜ್ಜನ ಮೊಮ್ಮಗ ಬರ್ಲಿನ್ ಸೇರಿದ್ದಾನೆ. ಆದರೂ ಬೆಳೆದವನ ಕೈಗೆ ಗ್ಲಾಸಿನ ದುಡ್ಡು ನೇರವಾಗಿ ಬರೋ ಒಂದು ಬಾಗಿಲಿದೆ.

ನಮ್ಮಲ್ಲಿ? ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಅಂತ ರಾಜ್ಯ ಸರ್ಕಾರ ತಂದಿದ್ದು 2007ರಲ್ಲಿ. ಮಂಡಳಿ ಬಂತು, ಮೇಳ ಬಂತು. ನಂದಿ ಬೆಟ್ಟದ ತಪ್ಪಲಲ್ಲಿ ಅದಕ್ಕೂ ಮೊದಲೇ, 1980ರ ದಶಕದಲ್ಲಿ, ಗ್ರೋವರ್ ಕುಟುಂಬದವರು ಫ್ರಾನ್ಸಿನ ತಳಿ ನೆಟ್ಟು ನಮ್ಮ ಮಣ್ಣಲ್ಲೂ ವೈನ್ ಆಗುತ್ತೆ ಅಂತ ತೋರಿಸಿದ್ದರು. ಒಳ್ಳೆಯದೇ. ಆದರೆ ಮುಕ್ಕಾಲು ಎಕರೆಯವನಿಗೆ ಇದರಲ್ಲಿ ಜಾಗ ಎಲ್ಲಿ? ಲೈಸೆನ್ಸು, ಸ್ಟೀಲ್ ಟ್ಯಾಂಕು, ತಂಪು ಮಾಡೋ ಯಂತ್ರ, ಒಂದಲ್ಲ ಹತ್ತು ಕಚೇರಿ. ನಮ್ಮಪ್ಪ ಒಮ್ಮೆ ವಿಚಾರಿಸೋಕೆ ಹೋಗಿ, ಸಂಜೆ ಬಂದು ಚಪ್ಪಲಿ ಬಿಡುತ್ತಾ, 'ಅದು ನಮ್ಮಂಥೋರಿಗಲ್ಲ ಕಣೋ' ಅಂದಿದ್ದರು. 2020ರ ಲಾಕ್‌ಡೌನಿನಲ್ಲಿ ವ್ಯಾಪಾರಿಯೂ ಬರಲಿಲ್ಲ. ಬಂದೋರಿಗೆಲ್ಲ ಕವರ್ ತುಂಬಿ ಸುಮ್ನೆ ಕೊಟ್ಟೆವು, ಮಿಕ್ಕಿದ್ದು ಬಳ್ಳಿಯಲ್ಲೇ ಸುಕ್ಕಾಯಿತು.

ಬೆಂಗಳೂರು ಬ್ಲೂನಲ್ಲಿ ವೈನ್ ಚೆನ್ನಾಗಿ ಬರಲ್ಲ ಅಂತ ತಿಳಿದವರು ಹೇಳಬಹುದು. ಅರ್ಧ ನಿಜ. ಅದಕ್ಕೆ ಅಮೆರಿಕದ ಕಾಡು ದ್ರಾಕ್ಷಿಯ ರಕ್ತ ಇದೆ, ಹೊರಗಡೆ ಇದನ್ನೇ ಇಸಬೆಲ್ಲಾ ಅಂತಾರೆ. ಇಸಬೆಲ್ಲಾ ವೈನನ್ನು ಮಾರುಕಟ್ಟೆಗೆ ಬಿಡೋಕೆ ಯುರೋಪಿನ ಕಾನೂನೇ ಒಪ್ಪುವುದಿಲ್ಲ. ವಾಸನೆ ಜೋರು ಅಂತ ಮೂಗು ಮುರೀತಾರೆ. ನಾನು ಊರಿಂದ ತಂದ ಜಾಮ್ ಬಾಟಲಿ ತೆಗೆದು ಅಜ್ಜನಿಗೆ ಮೂಸಿಸಿದ್ದೆ. ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದರು. ಅವರ ಬಾಲ್ಯದಲ್ಲಿ ದನದ ಕೊಟ್ಟಿಗೆಯ ಗೋಡೆಗೆ ಇದೇ ಬಳ್ಳಿ ಇತ್ತಂತೆ. ನಮ್ಮ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬ್ಲೂ ಬೇಡ ಅಂದರೆ ಬೇರೆ ತಳಿ ಕಸಿ ಮಾಡಬಹುದು, ಡಾಗ್‌ರಿಡ್ಜ್ ಅನ್ನೋ ಬೇರು ತಳಿಯ ಮೇಲೆ ಕಸಿ ಮಾಡೋದು ನಮ್ಮ ರೈತರಿಗೆ ಹೊಸದಲ್ಲ. ನೆಡುವ ಮೊದಲು ಮಾರುವ ದಾರಿ ಗೊತ್ತಿರಬೇಕು, ಅಷ್ಟೇ.

ಇದಕ್ಕೆ ಬರೋ ಆಕ್ಷೇಪ ನನಗೆ ಚೆನ್ನಾಗಿ ಗೊತ್ತು, ನಮ್ಮಮ್ಮನಿಂದಲೇ ಕೇಳಿದ್ದೇನೆ. ಫೋನಿನಲ್ಲಿ ಪೊರಕೆ ವಿಷಯ ಹೇಳಿದ್ದಕ್ಕೆ, 'ಇಲ್ಲಿ ಪೊರಕೆ ತಗೊಂಡೇ ಓಡಿಸ್ತೀವಿ' ಅಂದರು. ತಮಾಷೆಗೆ ಹೇಳಿದ್ದಲ್ಲ. ಸಾರಾಯಿ ನಮ್ಮ ಬೀದಿಯಲ್ಲಿ ಎಷ್ಟು ಮನೆ ಕೆಡಿಸಿತ್ತು ಅಂತ ಅವರು ನೋಡಿದ್ದಾರೆ. ಸಾರಾಯಿ ನಿಷೇಧ ಆದದ್ದೂ ಅದೇ 2007ರಲ್ಲಿ. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ, ಪ್ಯಾಕೆಟ್ಟಿನ ಬ್ರಾಂಡಿ ವಿಸ್ಕಿಗೆ ಹೋಯಿತು. ಅಮ್ಮನ ಭಯ ಸುಳ್ಳು ಅಂತ ನಾನು ವಾದಿಸಲಾರೆ. ಊರಿನ ಹೆಂಗಸರು ಬೇಡ ಅಂದ ಕಡೆ ಪೊರಕೆ ಕಟ್ಟಬಾರದು, ಗ್ರಾಮಸಭೆಯೇ ಅದನ್ನು ತೀರ್ಮಾನಿಸಲಿ. ಆದರೆ ರಾತ್ರಿ ಹನ್ನೊಂದರ ತನಕ ತೆರೆದಿರುವ ಬಾರಿಗೆ ಒಪ್ಪಿಗೆ ಕೊಟ್ಟಿರುವ ಊರಲ್ಲಿ, ವರ್ಷಕ್ಕೆ ಆರು ವಾರ, ಹಗಲು ಹೊತ್ತಿನಲ್ಲಿ, ಇಪ್ಪತ್ತು ಜನ ಕೂತು ಊಟದ ಜೊತೆ ತೋಟದವನದೇ ವೈನ್ ಕುಡಿಯೋದಕ್ಕೆ ಮಾತ್ರ ಯಾಕೆ ಇಷ್ಟು ದಿಗಿಲು?

ವೈನ್ ಮಾಡೋದು ಒಬ್ಬೊಬ್ಬರಿಗೆ ಕಷ್ಟ, ಕೂಡಿ ಮಾಡಿದರೆ ಆಗಬಹುದು. ಇಲ್ಲಿನ ಬೆಳೆಗಾರರ ಸಂಘಗಳಲ್ಲಿ ಕೆಲವು 1850ರ ದಶಕದಷ್ಟು ಹಳೆಯವು. ಹಣ್ಣು ತಂದು ಸುರೀತಾರೆ, ಟ್ಯಾಂಕು ಸಂಘದ್ದು. ನಾವೇನು ಇದಕ್ಕೆ ಹೊಸಬರಾ? ಗದಗದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಹಳ್ಳಿ ಹಳ್ಳಿಯಲ್ಲಿ ಬೆಳಗ್ಗೆ ಆರಕ್ಕೆ ಕ್ಯಾನ್ ಹಿಡಿದು ಸಾಲು ನಿಲ್ಲುವ ಜನ ನಾವು. ಹಾಲಿಗೆ ಆದದ್ದು ದ್ರಾಕ್ಷಿಗೆ ಆಗಲ್ಲವಾ? ಹತ್ತು ಹದಿನೈದು ಮನೆಗೆ ಒಂದು ಟ್ಯಾಂಕು, ಒಬ್ಬ ತಿಳಿದ ಹುಡುಗ, ಒಂದೇ ಲೈಸೆನ್ಸು. ಸಕ್ಕರೆ ಅಳೆದು ದುಡ್ಡು. ಮಿಕ್ಕಿದ್ದು ಜ್ಯೂಸಾಗಲಿ, ಜಾಮಾಗಲಿ. ವೈನ್ ಮಾಡಲೇಬೇಕು ಅಂತ ನನ್ನ ಹಟ ಇಲ್ಲ. ಮಾಡುವವನು ಬೆಳೆದವನೇ ಆಗಿರೋಕೆ ದಾರಿ ಇರಲಿ ಅಂತ ಹಟ.

ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ವೈನ್ ಮೇಳಕ್ಕೆ ಕಳಿಸುವ ವರದಿಗಾರರನ್ನೇ ಕಟಿಂಗ್ ಸಮಯದಲ್ಲಿ ಒಂದು ದಿನ ದೊಡ್ಡಬಳ್ಳಾಪುರದ ಕಡೆಗೂ, ಇನ್ನೊಂದು ದಿನ ವಿಜಯಪುರದ ತಿಕೋಟಾ ಕಡೆಗೂ ಕಳಿಸಿ. ಬಾಟಲಿಯ ಬೆಲೆಯ ಪಕ್ಕದಲ್ಲಿ ಆ ವಾರ ತೋಟದಲ್ಲಿ ಕೆಜಿಗೆ ಎಷ್ಟು ಸಿಕ್ಕಿತು ಅನ್ನೋದನ್ನೂ ಹಾಕಿ. ನಮ್ಮ ಮನೆಗೆ ಬಂದರೆ ಅಪ್ಪ ಲೆಕ್ಕದ ಪುಸ್ತಕ ತೋರಿಸುತ್ತಾರೆ. ಅಮ್ಮ ಕಾಫಿ ಕೊಡುತ್ತಾರೆ, ವೈನ್ ವಿಷಯ ಎತ್ತಿದರೆ ಏನು ಕೊಡುತ್ತಾರೋ ಹೇಳಲಾರೆ.

ಇಂತಿ ನಿಮ್ಮ ಓದುಗ,
ದೊಡ್ಡಬಳ್ಳಾಪುರ ತಾಲ್ಲೂಕಿನವನು, ಸದ್ಯ ಸ್ಟುಟ್‌ಗಾರ್ಟ್ ಪಕ್ಕ